ಪರದೆಯ ಮೇಲೂ ಬೇಕು, ಫೈಲಿನಲ್ಲೂ ಬೇಕು: ಟೀ, ಸ್ಕ್ರಿಪ್ಟ್, ಟೀಮಕ್ಸ್‌ಗಳಲ್ಲಿ ಯಾವುದು ಯಾವಾಗ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚಿನೊಳಗೆ ಕಬ್ಬಿಣದ ರಸ ಹೇಗೆ ತುಂಬುತ್ತದೆಂದು ನೋಡುವ ಸಿಮ್ಯುಲೇಶನ್ ಇರಲಿ, ಬಾಗಲಕೋಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಯ ಕೊನೆಯ ವರ್ಷದ ಪ್ರಾಜೆಕ್ಟ್ ಇರಲಿ, ವಿಜಯಪುರದ ಅಂಗಡಿಯೊಂದರ ಡೇಟಾಬೇಸ್ ಬ್ಯಾಕಪ್ ಇರಲಿ, ಕೆಲಸ ಆರು ತಾಸಿನದಾದರೆ ತೊಂದರೆ ಒಂದೇ. ಔಟ್‌ಪುಟ್ಟನ್ನು ಪರದೆಗೆ ಬಿಟ್ಟರೆ ಮೇಲಿನ ಸಾಲುಗಳು ಸರಿದು ಹೋಗುತ್ತವೆ, ಟರ್ಮಿನಲ್ ಮುಚ್ಚಿದರೆ ಎಲ್ಲವೂ ಹೋಗುತ್ತದೆ. > ಹಾಕಿ ಫೈಲಿಗೆ ತಿರುಗಿಸಿದರೆ ಪರದೆ ಖಾಲಿ. ಕೆಲಸ ನಡೆದಿದೆಯೋ ನಿಂತಿದೆಯೋ ತಿಳಿಯುವುದಿಲ್ಲ.

ಎರಡನ್ನೂ ಒಟ್ಟಿಗೆ ಪಡೆಯಲು ದಾರಿಗಳು ಹಲವು. ಹೆಸರು, ಆಪ್ಷನ್ ನೋಡಿ ಆರಿಸಲು ಹೋದರೆ ತಲೆಕೆಡುತ್ತದೆ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಪ್ರೋಗ್ರಾಮಿಗೆ ತನ್ನೆದುರು ಪರದೆ ಇದೆಯೆಂದು ಅನಿಸಬೇಕೋ, ಪೈಪು (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ | ಚಿಹ್ನೆ) ಇದ್ದರೂ ನಡೆಯುತ್ತದೆಯೋ? ಎರಡು, ನೋಡುತ್ತ ಕೂತವರು ಎದ್ದು ಹೋದರೆ ಅಥವಾ ಸಂಪರ್ಕ ಕಡಿದರೆ ಕೆಲಸ ಮುಂದುವರಿಯಬೇಕೋ, ನಿಂತರೂ ನಡೆದೀತೋ? ಮುಂದೆ ಬರುವ ಎಲ್ಲ ವ್ಯತ್ಯಾಸಗಳ ಬೇರು ಈ ಎರಡರಲ್ಲೇ ಇದೆ.

ಕಮಾಂಡುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ. ಚಿಹ್ನೆಗಳು ಇದ್ದಂತೆಯೇ.

ಟೀ: ಮೊದಲು ಕಲಿಯಬೇಕಾದದ್ದು

ಹೊಲಕ್ಕೆ ಡ್ರಿಪ್ ಪೈಪು ಎಳೆದವರಿಗೆ, ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎರಡು ಟೀ, ನಾಲ್ಕು ಎಲ್ಬೋ ಕೊಡ್ರಿ’ ಎಂದು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬಾಯಿಂದ ಬಂದ ನೀರು ಎರಡು ಬಾಯಿಗೆ ಹರಿಯುತ್ತದೆ. ಯುನಿಕ್ಸಿನ ಟೀ ಕಮಾಂಡಿನ ಹೆಸರೂ ಅದೇ ಜೋಡಣೆಯಿಂದ ಬಂದದ್ದು. ಟಿ, ಇ, ಇ ಎಂಬ ಮೂರು ಅಕ್ಷರ. ಪ್ರೋಗ್ರಾಂ ಕಂಪೈಲ್ ಮಾಡಿಸುವ ಮೇಕ್ ಕಮಾಂಡಿಗೆ ಅದನ್ನು ಹೀಗೆ ಜೋಡಿಸಬಹುದು:

ಮೇಕ್ 2>&1 | ಟೀ ಬಿಲ್ಡ್.ಲಾಗ್

ಇದರಲ್ಲಿ 2>&1 ಬಿಟ್ಟರೆ ಪರದೆಯ ಮೇಲೆ ಎಲ್ಲವೂ ಕಾಣುತ್ತದೆ, ಆದರೆ ಎರರ್ ಸಾಲುಗಳು ಫೈಲಿಗೆ ಇಳಿಯುವುದಿಲ್ಲ. ಎರರ್ ಹರಿಯುವ ಕೊಳವೆ ಬೇರೆ (ಅದರ ಸಂಖ್ಯೆ 2), ಪೈಪಿಗೆ ಹೋಗುವುದು 1 ಮಾತ್ರ. ಲಾಗ್ (ಔಟ್‌ಪುಟ್ಟಿನ ದಾಖಲೆ) ಇಟ್ಟದ್ದೇ ಎರರ್ ಹುಡುಕಲು, ಫೈಲ್ ತೆರೆದಾಗ ಅದೇ ಇರುವುದಿಲ್ಲ. ಇದನ್ನು ಟೀ ಆದ ಮೇಲೆ ಬರೆದರೂ ಪ್ರಯೋಜನವಿಲ್ಲ, ಆಗ ಅದು ಟೀಯ ಎರರ್‌ಗೆ ಅನ್ವಯಿಸುತ್ತದೆ. ಪೈಪಿನ ಎಡಕ್ಕೇ ಇರಬೇಕು. ಬ್ಯಾಷ್ ಎಂಬ ಶೆಲ್‌ನ (ನೀವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮಿನ) 4 ಮತ್ತು ನಂತರದ ಆವೃತ್ತಿಗಳಲ್ಲಿ |& ಎಂದು ಬರೆದರೆ ಎರಡೂ ಸೇರಿ ಹೋಗುತ್ತವೆ.

ಎರಡನೆಯ ಎಚ್ಚರ: ಟೀ ಹಳೆಯ ಫೈಲನ್ನು ಕೇಳದೆ ಅಳಿಸಿ ಹೊಸದಾಗಿ ಬರೆಯುತ್ತದೆ. ಮೇಲಿನ ಬಾಣ ಒತ್ತಿ ಅದೇ ಕಮಾಂಡ್ ಹೊಳ್ಳಿ ಓಡಿಸಿದರೆ ನಿನ್ನೆಯ ಲಾಗ್ ಹೋಯಿತು. ಹಳೆಯದಕ್ಕೆ ಸೇರಿಸುತ್ತ ಹೋಗಲು -ಎ ಹಾಕಿ. ಅದಕ್ಕಿಂತ ಒಳ್ಳೆಯದು ಹೆಸರಿನಲ್ಲೇ ದಿನಾಂಕ, ವೇಳೆ ಇಡುವುದು:

ಮೇಕ್ 2>&1 | ಟೀ ಬಿಲ್ಡ್-$(ಡೇಟ್ +%ಎಫ್-%ಎಚ್%ಎಂ).ಲಾಗ್

ಎಫ್, ಎಚ್, ಎಂ ಮೂರೂ ದೊಡ್ಡಕ್ಷರ. ಸಣ್ಣ ಎಂ ಹಾಕಿದರೆ ನಿಮಿಷದ ಬದಲು ತಿಂಗಳು ಬರುತ್ತದೆ. ಹೀಗೆ ಬರೆದರೆ ಪ್ರತಿ ಓಟಕ್ಕೂ ಒಂದು ಫೈಲ್, ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಕಾಲಕ್ರಮವೂ ಅದೇ.

ಮೂರನೆಯದು ಸ್ಕ್ರಿಪ್ಟ್ (ಇಲ್ಲಿ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ತಲೆಬರಹದ ಸ್ಕ್ರಿಪ್ಟ್ ಕಮಾಂಡ್ ಬೇರೆ) ಬರೆಯುವವರನ್ನು ಕಾಡುವಂಥದ್ದು. ಪೈಪಿನ ಸಾಲಿನಲ್ಲಿ ಶೆಲ್ ನೋಡುವುದು ಕೊನೆಯ ಕಮಾಂಡಿನ ಫಲಿತಾಂಶವನ್ನು ಮಾತ್ರ. ಬ್ಯಾಕಪ್ ಅರ್ಧಕ್ಕೆ ಸೋತರೂ ಟೀ ತನ್ನ ಕೆಲಸ ಸರಿಯಾಗಿ ಮುಗಿಸಿರುತ್ತದೆ, ಹಾಗಾಗಿ ಇಡೀ ಸಾಲು 0 ಎಂದು, ಅಂದರೆ ಯಶಸ್ವಿ ಎಂದು ಹೇಳುತ್ತದೆ. ಅದನ್ನು ನಂಬಿ ಮುಂದಿನ ಸಾಲು ಹಳೆಯ ಬ್ಯಾಕಪ್ಪನ್ನು ಅಳಿಸಿದರೆ ಎರಡೂ ಹೋದವು. ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ

ಸೆಟ್ -ಓ ಪೈಪ್‌ಫೇಲ್

ಎಂದು ಬರೆಯುವುದು ಕಡ್ಡಾಯವೆಂದೇ ತಿಳಿಯಿರಿ. ಆಗ ನಡುವಿನ ಕಮಾಂಡ್ ಸೋತರೂ ಇಡೀ ಸಾಲು ಸೋತಿತೆಂದೇ ಲೆಕ್ಕ. ಬ್ಯಾಷ್‌ನಲ್ಲಿ ಪೈಪ್‌ಸ್ಟೇಟಸ್ ಎಂಬ ಅರೇ (ಎಲ್ಲ ದೊಡ್ಡಕ್ಷರ) ಪ್ರತಿ ಕಮಾಂಡಿನ ಫಲಿತಾಂಶ ಇಟ್ಟಿರುತ್ತದೆ, 0ನೆಯದು ನಿಮ್ಮ ಪ್ರೋಗ್ರಾಮಿನದು. ಆದರೆ ಅದನ್ನು ಕೂಡಲೇ ಮುಂದಿನ ಸಾಲಿನಲ್ಲೇ ಓದಬೇಕು. ನಡುವೆ ಒಂದು ಎಕೋ ಬಂದರೂ ಅದು ಅಳಿಸಿ ಹೋಗುತ್ತದೆ.

ಪರದೆ ಯಾಕೆ ಸುಮ್ಮನಿದೆ?

ಟೀ ಹಾಕಿದವರು ಹೆಚ್ಚು ಎದುರಿಸುವ ತೊಂದರೆ ಇದು. ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ದಾರಿಗಳು ಯಾಕೆ ಹುಟ್ಟಿಕೊಂಡವು ಎಂಬುದೂ ತಿಳಿಯುತ್ತದೆ. ಟೀ ಇಲ್ಲದಾಗ ಸಾಲು ಸಾಲಾಗಿ ಬರುತ್ತಿದ್ದ ಔಟ್‌ಪುಟ್, ಟೀ ಹಾಕಿದೊಡನೆ ನಿಲ್ಲುತ್ತದೆ. ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಮ್ಮೆಲೇ ನೂರು ಸಾಲು. ತಪ್ಪು ಟೀಯದಲ್ಲ. ಸಿ ಲೈಬ್ರರಿಯ ನಿಯಮ ಹೀಗಿದೆ: ಎದುರಿಗೆ ಟರ್ಮಿನಲ್ ಇದ್ದರೆ ಸಾಲು ಮುಗಿದಂತೆ ಕಳಿಸು, ಪೈಪು ಅಥವಾ ಫೈಲ್ ಇದ್ದರೆ ಗಂಟು ಕಟ್ಟಿ ಕಳಿಸು. ಲಿನಕ್ಸಿನಲ್ಲಿ ಪೈಪಿಗೆ ಈ ಗಂಟು ಸಾಮಾನ್ಯವಾಗಿ 4096 ಬೈಟ್, ಪೈಥಾನಿನಲ್ಲಿ 8192. ನಿಮಿಷಕ್ಕೆ 60 ಅಕ್ಷರದ ಒಂದೇ ಸಾಲು ಬರೆಯುವ ಪ್ರೋಗ್ರಾಮಿನ ಗಂಟು ತುಂಬಲು ತಾಸಿನ ಮೇಲೆ ಬೇಕು. ಅಷ್ಟರಲ್ಲಿ ಪ್ರೋಗ್ರಾಂ ಸತ್ತರೆ, ಯಾಕೆ ಸತ್ತಿತೆಂದು ಹೇಳುವ ಕೊನೆಯ ಸಾಲುಗಳೇ ಗಂಟಿನೊಳಗೆ ಉಳಿದು ಹಾಳಾಗುತ್ತವೆ. ಎರರ್ ಸಾಲುಗಳು ಸಾಮಾನ್ಯವಾಗಿ ಗಂಟು ಕಟ್ಟದೆ ಬರುವುದರಿಂದ ಲಾಗಿನಲ್ಲಿ ಕ್ರಮವೂ ತಪ್ಪುತ್ತದೆ. ನಂತರದ ಎರರ್ ಮೊದಲು, ಮೊದಲಿನ ಸಾಲು ಆಮೇಲೆ.

ಪರಿಹಾರ ಪ್ರೋಗ್ರಾಂ ನೋಡಿ ಬದಲಾಗುತ್ತದೆ. ಪೈಥಾನ್ ಆದರೆ ಸರಳ:

ಪೈಥಾನ್3 -ಯು ಟ್ರೇನ್.ಪಿವೈ 2>&1 | ಟೀ ರನ್.ಲಾಗ್

ಸಿ, ಸಿ++ ಪ್ರೋಗ್ರಾಮುಗಳಿಗೆ ಮುಂದೆ ‘ಎಸ್‌ಟಿಡಿಬಫ್ -ಓಎಲ್’ ಸೇರಿಸಿ. ಓ ಸಣ್ಣದು, ಎಲ್ ದೊಡ್ಡದು, ನಡುವೆ ಜಾಗವಿಲ್ಲ. ಇದು ಪ್ರೋಗ್ರಾಂ ಶುರುವಾಗುವಾಗ ಒಂದು ಸಣ್ಣ ಲೈಬ್ರರಿಯನ್ನು ಒಳಗೆ ತೂರಿಸಿ ಗಂಟಿನ ನಿಯಮ ಬದಲಿಸುತ್ತದೆ. ಹಾಗಾಗಿ ಸ್ಟ್ಯಾಟಿಕ್ ಆಗಿ (ಲೈಬ್ರರಿಗಳನ್ನು ಒಳಗೇ ಸೇರಿಸಿ) ಕಟ್ಟಿದ ಪ್ರೋಗ್ರಾಮಿಗೆ, ತನ್ನದೇ ಬಫರ್ (ಗಂಟು ಕಟ್ಟುವ ಜಾಗ) ಇಟ್ಟುಕೊಂಡ ಪೈಥಾನಿಗೆ ಇದು ತಾಗುವುದಿಲ್ಲ. ನಡುವೆ ಪದ ಹುಡುಕುವ ಗ್ರೆಪ್ ಇದ್ದರೆ ಅದೂ ಗಂಟು ಕಟ್ಟುತ್ತದೆ, ಅದಕ್ಕೆ ‘--ಲೈನ್-ಬಫರ್ಡ್’ ಬೇಕು. ಸೆಡ್‌ಗೆ -ಯು. ಇವು ಯಾವುವೂ ಫಲಿಸದಿದ್ದರೆ ಎಕ್ಸ್‌ಪೆಕ್ಟ್ ಪ್ಯಾಕೇಜಿನ ‘ಅನ್‌ಬಫರ್’ ಇದೆ. ಅದು ಪ್ರೋಗ್ರಾಮಿಗೆ ಹುಸಿ ಟರ್ಮಿನಲ್ ಒಂದನ್ನು ತೋರಿಸಿ ನಂಬಿಸುತ್ತದೆ.

ಇನ್ನೆರಡು ಕೀಲಿಗಳ ವಿಷಯ. ಕಂಟ್ರೋಲ್-ಸಿ ಒತ್ತಿದರೆ ಆ ಸಂಕೇತ ಪ್ರೋಗ್ರಾಮಿಗೂ ಟೀಗೂ ಒಟ್ಟಿಗೆ ತಲುಪುತ್ತದೆ. ಪ್ರೋಗ್ರಾಂ ಸಾಯುವ ಮುನ್ನ ‘ಇಷ್ಟು ಉಳಿಸಿದೆ, ಇಲ್ಲಿಂದ ಮುಂದುವರಿಸಿ’ ಎಂದು ಬರೆಯುವಂಥದ್ದಾದರೆ, ಆ ಸಾಲು ಬರುವ ಹೊತ್ತಿಗೆ ಟೀ ಇರುವುದೇ ಇಲ್ಲ. ಅಂಥಲ್ಲಿ ‘ಟೀ -ಐ’ ಬಳಸಿ, ಟೀ ಕಂಟ್ರೋಲ್-ಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಟ್ರೋಲ್-ಎಸ್ ಇನ್ನೂ ಸೂಕ್ಷ್ಮ. ಸೇವ್ ಮಾಡುವ ಅಭ್ಯಾಸದಲ್ಲಿ ಬೆರಳು ಅಲ್ಲಿಗೆ ಹೋದರೆ ಪರದೆ ನಿಲ್ಲುತ್ತದೆ, ಪರದೆಗೆ ಬರೆಯಲಾಗದೆ ಟೀ ಕಾಯುತ್ತದೆ, ಲಿನಕ್ಸಿನ ಪೈಪು 64 ಕಿಲೋಬೈಟ್ ತುಂಬಿದ ಮೇಲೆ ನಿಮ್ಮ ಪ್ರೋಗ್ರಾಮೂ ನಿಂತು ಬಿಡುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ರಾತ್ರಿ ಬಿಟ್ಟು ಹೋದ ಕೆಲಸ ಮುಂಜಾನೆಯವರೆಗೂ ಅಲ್ಲೇ ನಿಂತಿದ್ದರೆ ಮೊದಲು ಈ ಕೀಲಿ ಒತ್ತಿ ನೋಡಿ.

ಒಟ್ಟಿನಲ್ಲಿ ಕಂಪೈಲ್, ಇನ್‌ಸ್ಟಾಲ್, ಹತ್ತಿಪ್ಪತ್ತು ನಿಮಿಷದ ಓಟ, ಸ್ಕ್ರಿಪ್ಟಿನೊಳಗಿನ ಲಾಗ್, ಇವಕ್ಕೆ ಟೀಗಿಂತ ಒಳ್ಳೆಯದಿಲ್ಲ. ಸ್ಕ್ರಿಪ್ಟ್ ನಿಮ್ಮದೇ ಆಗಿದ್ದು ಪ್ರತಿ ಸಾಲಿಗೂ ಟೀ ಬರೆಯಲು ಬೇಸರವಾದರೆ, ಮೇಲ್ಭಾಗದಲ್ಲಿ ಒಂದೇ ಸಾಲು:

ಎಕ್ಸೆಕ್ > >(ಟೀ -ಎ ಕೆಲಸ.ಲಾಗ್) 2>&1

ಅಲ್ಲಿಂದ ಕೆಳಗಿನದೆಲ್ಲ ಎರಡೂ ಕಡೆ ಹೋಗುತ್ತದೆ. ಇದು ಬ್ಯಾಷ್‌ನ ಸೌಲಭ್ಯ, ಹಳೆಯ ಎಸ್‌ಎಚ್‌ನಲ್ಲಿ ನಡೆಯುವುದಿಲ್ಲ. ಸ್ಕ್ರಿಪ್ಟ್ ಮುಗಿದು ಪ್ರಾಂಪ್ಟ್ ಬಂದ ಮೇಲೆ ಕೊನೆಯ ಒಂದೆರಡು ಸಾಲು ಕಾಣಿಸಿಕೊಂಡರೆ ಗಾಬರಿ ಬೇಡ, ಟೀ ಮುಗಿಯುವುದನ್ನು ಶೆಲ್ ಇಲ್ಲಿ ಕಾಯುವುದಿಲ್ಲ.

ಸ್ಕ್ರಿಪ್ಟ್ ಕಮಾಂಡ್: ಪ್ರೋಗ್ರಾಮಿಗೆ ಪರದೆಯೇ ಬೇಕಾದಾಗ

ಕೆಲವು ಪ್ರೋಗ್ರಾಮುಗಳು ಎದುರಿಗೆ ಪೈಪು ಕಂಡರೆ ಬಣ್ಣ ಬಿಡುತ್ತವೆ, ಪ್ರೋಗ್ರೆಸ್ ಪಟ್ಟಿ ತೋರಿಸುವುದಿಲ್ಲ, ಪ್ರಶ್ನೆ ಕೇಳುವುದೂ ನಿಲ್ಲಬಹುದು. ಅವಕ್ಕೆ ಟೀ ಹೊಂದುವುದಿಲ್ಲ. ‘ಸ್ಕ್ರಿಪ್ಟ್’ ಎಂಬ ಹಳೆಯ ಬಿಎಸ್‌ಡಿ ಕಾಲದ ಕಮಾಂಡ್ ಹುಸಿ ಟರ್ಮಿನಲ್ ಕಟ್ಟಿ, ಅದರೊಳಗೆ ಹೊಸ ಶೆಲ್ ತೆರೆದು, ಪರದೆಗೆ ಬಂದದ್ದನ್ನೆಲ್ಲ ಫೈಲಿಗೆ ಬರೆಯುತ್ತದೆ. ಗಂಟಿನ ತೊಂದರೆ ಇಲ್ಲಿ ತಾನಾಗಿ ಇಲ್ಲವಾಗುತ್ತದೆ.

ಸ್ಕ್ರಿಪ್ಟ್ ಲ್ಯಾಬ್7.ಲಾಗ್

ಎಂದು ಶುರು ಮಾಡಿ, ಕೆಲಸ ಮುಗಿದ ಮೇಲೆ ‘ಎಕ್ಸಿಟ್’ ಹೊಡೆಯಿರಿ. ಫೈಲಿನ ಹೆಸರು ಕೊಡದಿದ್ದರೆ ‘ಟೈಪ್‌ಸ್ಕ್ರಿಪ್ಟ್’ ಎಂಬ ಹೆಸರಿನಲ್ಲಿ ಬರೆಯುತ್ತದೆ. ಲ್ಯಾಬ್ ರೆಕಾರ್ಡಿಗೆ ‘ಹೊಡೆದ ಕಮಾಂಡೂ ಬೇಕು, ಬಂದ ಔಟ್‌ಪುಟ್ಟೂ ಬೇಕು’ ಎನ್ನುವ ವಿದ್ಯಾರ್ಥಿಗೆ ಇದೇ ಸರಿ. ಟೀಯಲ್ಲಿ ಬರುವುದು ಔಟ್‌ಪುಟ್ ಮಾತ್ರ. ಒಂದೇ ಕಮಾಂಡಿಗಾದರೆ:

ಸ್ಕ್ರಿಪ್ಟ್ -ಕ್ಯೂ -ಇ -ಎಫ್ -ಸಿ 'ಪ್ರೋಗ್ರಾಂ' ರನ್.ಲಾಗ್

ಕ್ಯೂ ಎಂದರೆ ಶುರು ಮತ್ತು ಮುಕ್ತಾಯದ ಘೋಷಣೆ ಬೇಡ, ಇ ಎಂದರೆ ಪ್ರೋಗ್ರಾಮಿನ ಫಲಿತಾಂಶವನ್ನೇ ಹಿಂದಿರುಗಿಸು, ಎಫ್ ಎಂದರೆ ಬಂದ ಕೂಡಲೇ ಫೈಲಿಗೆ ಬರೆ. ಇದು ಲಿನಕ್ಸಿನ ಕ್ರಮ. ಮ್ಯಾಕ್‌ನಲ್ಲಿ -ಸಿ ಇಲ್ಲ, ಮೊದಲು ಫೈಲಿನ ಹೆಸರು, ಆಮೇಲೆ ಕಮಾಂಡ್.

ಇದಕ್ಕೆ ತೆರಬೇಕಾದ ಬೆಲೆಯೆಂದರೆ ಫೈಲಿನ ಕೊಳೆ. ಬಣ್ಣದ ಸಂಕೇತಗಳು, ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಿದ್ದು, ಪ್ರೋಗ್ರೆಸ್ ಪಟ್ಟಿಯ ನೂರಾರು ಹಂತ, ಎಲ್ಲವೂ ಹಾಗೇ ಕೂತಿರುತ್ತವೆ. ಓದಲಿಕ್ಕಷ್ಟೇ ಆದರೆ ‘ಲೆಸ್ -ಆರ್’ (ಆರ್ ದೊಡ್ಡದು) ಬಣ್ಣ ಸಮೇತ ತೋರಿಸುತ್ತದೆ. ಪ್ರಿಂಟ್ ತೆಗೆಯಬೇಕೆಂದರೆ ಉಬುಂಟುವಿನ ಕಲರೈಸ್ಡ್-ಲಾಗ್ಸ್ ಪ್ಯಾಕೇಜಿನಲ್ಲಿರುವ ‘ಆನ್ಸಿ2ಟಿಎಕ್ಸ್‌ಟಿ’ಯಿಂದ ಬಣ್ಣ ತೆಗೆದು, ‘ಕೋಲ್ -ಬಿ’ಯಿಂದ ಬ್ಯಾಕ್‌ಸ್ಪೇಸ್ ತೆಗೆಯಿರಿ. ಬರೀ ಕೋಲ್ ಬಳಸಿದರೆ ಬಣ್ಣದ ಸಂಕೇತದ ತುಣುಕುಗಳು ಅಕ್ಷರಗಳ ನಡುವೆ ಉಳಿದುಬಿಡುತ್ತವೆ.

ಪಾಠ ಮಾಡುವವರಿಗೆ ಇನ್ನೊಂದು ಉಪಯೋಗವಿದೆ. ‘--ಟೈಮಿಂಗ್=ವೇಳೆ.ಟಿಎಂ’ ಸೇರಿಸಿದರೆ ಯಾವ ಸಾಲು ಎಷ್ಟು ಹೊತ್ತಿಗೆ ಬಂತೆಂಬುದೂ ದಾಖಲಾಗುತ್ತದೆ. ಆಮೇಲೆ ‘ಸ್ಕ್ರಿಪ್ಟ್‌ರೀಪ್ಲೇ ವೇಳೆ.ಟಿಎಂ ಲ್ಯಾಬ್7.ಲಾಗ್ 2’ ಎಂದರೆ ಇಡೀ ಅಧಿವೇಶನ ಎರಡು ಪಟ್ಟು ವೇಗದಲ್ಲಿ ಕಣ್ಣೆದುರು ನಡೆಯುತ್ತದೆ. ವಿಡಿಯೋ ಬೇಕಿಲ್ಲ, ಫೈಲಿನ ಗಾತ್ರ ಕೆಲವೇ ಕಿಲೋಬೈಟ್.

ಸಂಪರ್ಕ ಕಡಿದರೂ ನಡೆಯಬೇಕಾದ ಕೆಲಸ

ಇಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಕರೆಂಟು ಹೋಗಿ ವೈಫೈ ರೂಟರ್ ಬಂದ್ ಆಯಿತು, ಕಾಲೇಜಿನ ಸರ್ವರ್ ಮಾತ್ರ ಯುಪಿಎಸ್ ಮೇಲೆ ಚಾಲೂ ಇದೆ. ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆದ ಸಂಪರ್ಕ) ಕಡಿದೊಡನೆ ಸರ್ವರ್ ಆ ಟರ್ಮಿನಲ್ಲಿನ ಕೆಲಸಗಳಿಗೆ ‘ಹ್ಯಾಂಗ್‌ಅಪ್’ ಸಂಕೇತ ಕಳಿಸುತ್ತದೆ. ಪ್ರೋಗ್ರಾಮೂ ಟೀಯೂ ಎರಡೂ ಸಾಯುತ್ತವೆ. ಲಾಗ್ ಉಳಿದರೂ ಐದು ತಾಸಿನ ಕೆಲಸ ಹೋಯಿತು. ಆದ್ದರಿಂದ ತಾಸಿಗಿಂತ ಹೆಚ್ಚಿನ ಯಾವ ಕೆಲಸವನ್ನೂ ಬರೀ ಟೀ ನಂಬಿ ದೂರದ ಸರ್ವರ್ ಮೇಲೆ ಬಿಡಬೇಡಿ. ಸಿಮ್ಯುಲೇಶನ್ ಮಾಡುವವರಿಗೆ ಇದನ್ನು ಒತ್ತಿ ಹೇಳುತ್ತೇವೆ.

ನಮ್ಮ ಆಯ್ಕೆ: ಹೊರಗೆ ಟೀಮಕ್ಸ್, ಒಳಗೆ ಟೀ. ಟೀಮಕ್ಸ್ ಎಂದರೆ ನೀವು ಎದ್ದು ಹೋದರೂ ಸರ್ವರ್ ಮೇಲೆ ಟರ್ಮಿನಲ್ಲನ್ನು ತೆರೆದೇ ಇಡುವ ಪ್ರೋಗ್ರಾಂ. ‘ಟೀಮಕ್ಸ್ ನ್ಯೂ -ಎಸ್ ರನ್’ ಎಂದು ಶುರು ಮಾಡಿ, ಅದರೊಳಗೆ ಟೀ ಸಮೇತ ಕಮಾಂಡ್ ಓಡಿಸಿ. ಕಂಟ್ರೋಲ್-ಬಿ ಒತ್ತಿ ಬಿಟ್ಟು, ಡಿ ಒತ್ತಿದರೆ ನೀವು ಹೊರಗೆ, ಕೆಲಸ ಒಳಗೆ. ಮನೆಯಿಂದ ಹೊಳ್ಳಿ ನೋಡಲು ‘ಟೀಮಕ್ಸ್ ಅಟ್ಯಾಚ್ -ಟಿ ರನ್’. ಸಂಪರ್ಕ ತಾನಾಗಿ ಕಡಿದರೂ ಹೀಗೆಯೇ. ಸರ್ವರ್ ರೀಬೂಟ್ ಆದರೆ ಮಾತ್ರ ಟೀಮಕ್ಸ್ ಕೂಡ ಉಳಿಯುವುದಿಲ್ಲ, ಆಗ ಕೈಗೆ ಸಿಗುವುದು ಲಾಗ್ ಒಂದೇ. ಅದರಲ್ಲೂ ಕೊನೆಯ ಅರ್ಧ ನಿಮಿಷದ ಸಾಲುಗಳು ಇಲ್ಲದಿರಬಹುದು. ಲಿನಕ್ಸ್ ಬರೆದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ 30 ಸೆಕೆಂಡ್ ಹಳೆಯದಾದ ಮೇಲೆ ಡಿಸ್ಕಿಗೆ ಇಳಿಸುತ್ತದೆ.

ಟೀಮಕ್ಸ್‌ಗೆ ತನ್ನದೇ ಲಾಗ್ ವ್ಯವಸ್ಥೆಯೂ ಇದೆ. ಕಂಟ್ರೋಲ್-ಬಿ, ಆಮೇಲೆ : ಒತ್ತಿ

ಪೈಪ್-ಪೇನ್ -ಓ 'ಕ್ಯಾಟ್ >> ರನ್.ಲಾಗ್'

ಎಂದು ಬರೆಯಿರಿ. ಪ್ರೋಗ್ರಾಮಿಗೆ ಪರದೆಯೇ ಕಾಣುವುದರಿಂದ ಗಂಟಿನ ತೊಂದರೆ ಇಲ್ಲ, ಆದರೆ ಸ್ಕ್ರಿಪ್ಟ್ ಕಮಾಂಡಿನಂತೆ ಬಣ್ಣದ ಕೊಳೆ ಇರುತ್ತದೆ. ಇದರ ದೊಡ್ಡ ಗುಣವೆಂದರೆ ಕೆಲಸ ಶುರುವಾದ ಮೇಲೂ ಲಾಗ್ ಹಚ್ಚಬಹುದು. ಹಚ್ಚುವ ಮುಂಚಿನ ಸಾಲುಗಳು ಬೇಕಾದರೆ ‘ಟೀಮಕ್ಸ್ ಕ್ಯಾಪ್ಚರ್-ಪೇನ್ -ಪಿಎಸ್ - > ಹಳೆಯ.ಲಾಗ್’ (ಎಸ್ ದೊಡ್ಡದು) ಪರದೆಯ ಇತಿಹಾಸವನ್ನು ಎತ್ತಿ ಕೊಡುತ್ತದೆ. ಆ ಇತಿಹಾಸ ತಾನಾಗಿ ಇರುವುದು 2000 ಸಾಲು ಮಾತ್ರ. ‘ಸೆಟ್ -ಜಿ ಹಿಸ್ಟರಿ-ಲಿಮಿಟ್ 50000’ ಎಂದು ಟೀಮಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಮೊದಲೇ ಬರೆದಿಡಿ. ಈಗಾಗಲೇ ತೆರೆದ ಪೇನಿಗೆ (ಟೀಮಕ್ಸ್ ಒಳಗಿನ ಟರ್ಮಿನಲ್ ಭಾಗಕ್ಕೆ) ಅದು ಅನ್ವಯಿಸುವುದಿಲ್ಲ.

ಹಳೆಯ ಸರ್ವರ್‌ನಲ್ಲಿ ಟೀಮಕ್ಸ್‌ನಂಥದೇ ಆದ ‘ಸ್ಕ್ರೀನ್’ ಎಂಬ ಪ್ರೋಗ್ರಾಂ ಮಾತ್ರ ಇದ್ದರೆ ‘ಸ್ಕ್ರೀನ್ -ಎಲ್’ (ಎಲ್ ದೊಡ್ಡದು) ಸಾಕು. ಲಾಗ್ ‘ಸ್ಕ್ರೀನ್‌ಲಾಗ್.0’ ಎಂಬ ಫೈಲಿನಲ್ಲಿ ಬೀಳುತ್ತದೆ. ಅದು ಹತ್ತು ಸೆಕೆಂಡಿಗೊಮ್ಮೆ ಬರೆಯುವುದರಿಂದ ಫೈಲ್ ಸ್ವಲ್ಪ ಹಿಂದೆ ಬಿದ್ದಂತೆ ಕಾಣುತ್ತದೆ.

ಟೀಮಕ್ಸ್ ಕಲಿಯುವ ಮನಸ್ಸಿಲ್ಲದವರಿಗೆ, ಪ್ರೋಗ್ರಾಮಿಗೆ ಹ್ಯಾಂಗ್‌ಅಪ್ ಸಂಕೇತ ತಾಗದಂತೆ ಮಾಡುವ ನೋಹಪ್:

ನೋಹಪ್ ಪ್ರೋಗ್ರಾಂ > ರನ್.ಲಾಗ್ 2>&1 &

ಆಮೇಲೆ ‘ಟೇಲ್ -ಎಫ್ ರನ್.ಲಾಗ್’. ಇಲ್ಲಿ ಬರೆಯುವುದೇ ಬೇರೆ, ನೋಡುವುದೇ ಬೇರೆ. ಟೇಲ್‌ನ ಮೇಲೆ ಕಂಟ್ರೋಲ್-ಸಿ ಒತ್ತಿದರೆ ಟೇಲ್ ಮಾತ್ರ ನಿಲ್ಲುತ್ತದೆ, ಕಂಟ್ರೋಲ್-ಎಸ್‌ನಿಂದ ಪ್ರೋಗ್ರಾಮಿಗೆ ಏನೂ ಆಗುವುದಿಲ್ಲ. ಗಂಟಿನ ತೊಂದರೆ ಮಾತ್ರ ಇಲ್ಲೂ ಇದೆ, ಎದುರಿಗಿರುವುದು ಫೈಲ್ ತಾನೇ. ಟೇಲ್‌ಗಿಂತ ‘ಲೆಸ್ +ಎಫ್’ (ಎಫ್ ದೊಡ್ಡದು) ನಮಗೆ ಹೆಚ್ಚು ಇಷ್ಟ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಹಿಂದಕ್ಕೆ ಸರಿದು, / ಹಾಕಿ ಹುಡುಕಿ, ದೊಡ್ಡ ಎಫ್ ಒತ್ತಿ ಮತ್ತೆ ಹಿಂಬಾಲಿಸಬಹುದು. ಓಪನ್‌ಫೋಮ್ (ಹರಿವಿನ ಸಿಮ್ಯುಲೇಶನ್ ಪ್ರೋಗ್ರಾಂ) ಬಳಸುವವರಿಗೆ ಈ ದಾರಿ ಸಹಜ. ಲಾಗ್ ಫೈಲಿನಿಂದ ರೆಸಿಡ್ಯುಯಲ್ (ಲೆಕ್ಕದಲ್ಲಿ ಉಳಿದ ದೋಷದ) ಅಂಕಿಗಳನ್ನು ಬೇರ್ಪಡಿಸುವ ‘ಫೋಮ್‌ಲಾಗ್’ ಅದರ ಜೊತೆಗೇ ಬರುತ್ತದೆ.

ವಿಂಡೋಸ್ ಲ್ಯಾಬಿನಲ್ಲಿ

ಹಳೆಯ ಸಿಎಂಡಿ ಕಿಟಕಿಯಲ್ಲಿ ಟೀ ಇಲ್ಲ. ಪವರ್‌ಶೆಲ್‌ನಲ್ಲಿ ಇದೆ:

ಪೈಥಾನ್ -ಯು ಟ್ರೇನ್.ಪಿವೈ 2>&1 | ಟೀ-ಆಬ್ಜೆಕ್ಟ್ -ಫೈಲ್‌ಪಾತ್ ರನ್.ಲಾಗ್

ಸೇರಿಸಲು ‘-ಅಪೆಂಡ್’. ಪ್ರೋಗ್ರಾಮಿನ ಫಲಿತಾಂಶ ‘$ಲಾಸ್ಟ್‌ಎಕ್ಸಿಟ್‌ಕೋಡ್’ನಲ್ಲಿ ಸರಿಯಾಗಿಯೇ ಉಳಿಯುತ್ತದೆ, ಪೈಪ್‌ಫೇಲ್‌ನ ಚಿಂತೆ ಇಲ್ಲ. ಚಿಂತೆ ಬೇರೆ ಕಡೆ ಇದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಈ ಫೈಲನ್ನು ಯುಟಿಎಫ್-16 ಎಂಬ ಬೇರೆ ಅಕ್ಷರ ಸಂಕೇತ ಪದ್ಧತಿಯಲ್ಲಿ ಬರೆಯುತ್ತದೆ. ಅದನ್ನು ಲಿನಕ್ಸಿಗೆ ಒಯ್ದು ಗ್ರೆಪ್ ಮಾಡಿದರೆ ಕಣ್ಣೆದುರಿಗಿರುವ ಪದವೂ ಸಿಗುವುದಿಲ್ಲ. ಪವರ್‌ಶೆಲ್ 7 ಹಾಕಿಕೊಂಡರೆ ಯುಟಿಎಫ್-8 ಆಗುತ್ತದೆ, ಇಲ್ಲವಾದರೆ ‘ಐಕಾನ್ವ್’ನಿಂದ ಬದಲಿಸಿಕೊಳ್ಳಿ. 5.1ರಲ್ಲಿ ಎರರ್ ಕೊಳವೆಯಿಂದ ಬಂದ ಸಾದಾ ಸಾಲು ಕೂಡ ಕೆಂಪು ಅಕ್ಷರದ ದೊಡ್ಡ ಎರರ್ ಆಗಿ ಕಾಣುತ್ತದೆ, ಅದನ್ನು ನೋಡಿ ಪ್ರೋಗ್ರಾಂ ಸೋತಿತೆಂದು ತಿಳಿಯಬೇಡಿ.

‘ಸ್ಟಾರ್ಟ್-ಟ್ರಾನ್ಸ್‌ಕ್ರಿಪ್ಟ್’ ಇಡೀ ಅಧಿವೇಶನವನ್ನು ಕಮಾಂಡ್ ಸಮೇತ ಬರೆಯುತ್ತದೆ. ಆದರೆ ಕೆಲವು ಹೊರ ಪ್ರೋಗ್ರಾಮುಗಳ ಔಟ್‌ಪುಟ್ ಅದರಲ್ಲಿ ಬಿಟ್ಟುಹೋಗಬಹುದು. ನಿಮ್ಮ ಪ್ರೋಗ್ರಾಮನ್ನು ಒಂದು ನಿಮಿಷ ಓಡಿಸಿ ಫೈಲ್ ನೋಡಿಯೇ ನಂಬಿ. ಕಂಟ್ರೋಲ್-ಎಸ್‌ನ ತಮ್ಮ ಇಲ್ಲೂ ಇದ್ದಾನೆ: ಕಪ್ಪು ಕಿಟಕಿಯೊಳಗೆ ಮೌಸ್ ಕ್ಲಿಕ್ ಆದರೆ ಆಯ್ಕೆಯ ಸ್ಥಿತಿಗೆ ಹೋಗಿ ಔಟ್‌ಪುಟ್ ನಿಲ್ಲುತ್ತದೆ, ಅದರ ಹಿಂದೆ ಪ್ರೋಗ್ರಾಮೂ ನಿಲ್ಲುತ್ತದೆ. ಎಂಟರ್ ಅಥವಾ ಎಸ್ಕೇಪ್ ಒತ್ತಿದರೆ ಬಿಡುಗಡೆ. ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ‘ಕ್ವಿಕ್ ಎಡಿಟ್’ ತೆಗೆದಿಟ್ಟರೆ ಈ ಕಾಟ ಇಲ್ಲ.

ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮಿನಿಂದ ಲಿನಕ್ಸ್ ಸರ್ವರ್‌ಗೋ, ಸೀರಿಯಲ್ ಕೇಬಲ್ ಮೂಲಕ ಯಾವುದಾದರೂ ಬೋರ್ಡಿಗೋ ಹೋಗುವವರು ಸೆಷನ್‌ನ ಕೆಳಗಿನ ಲಾಗಿಂಗ್ ಪುಟದಲ್ಲಿ ‘ಪ್ರಿಂಟಬಲ್ ಔಟ್‌ಪುಟ್’ ಆರಿಸಿ, ಫೈಲಿನ ಹೆಸರಿನಲ್ಲಿ &ವೈ&ಎಂ&ಡಿ ಸೇರಿಸಿದರೆ ದಿನಾಂಕ ತಾನಾಗಿ ಬರುತ್ತದೆ. ಲಾಗ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಸಂಪರ್ಕ ಕಡಿದಲ್ಲಿಗೆ ಅದೂ ನಿಲ್ಲುತ್ತದೆ.

ಇವೆಲ್ಲಕ್ಕೂ ಮುಂಚೆ ಪ್ರೋಗ್ರಾಮಿಗೇ ಲಾಗ್ ಆಪ್ಷನ್ ಇದೆಯೇ ನೋಡಿ. ಆರ್‌ಸಿಂಕ್‌ಗೆ ‘--ಲಾಗ್-ಫೈಲ್=’ ಇದೆ, ಪಿಎಸ್‌ಕ್ಯೂಎಲ್‌ಗೆ ದೊಡ್ಡ -ಎಲ್ ಇದೆ, ಮೈಎಸ್‌ಕ್ಯೂಎಲ್ ಕ್ಲೈಂಟಿನೊಳಗೇ ‘ಟೀ’ ಎಂಬ ಕಮಾಂಡ್ ಇದೆ. ಇದ್ದರೆ ಅದೇ ಒಳ್ಳೆಯದು.

ವೇಳೆ, ಗುಟ್ಟು, ಗಾತ್ರ

ವೇಳೆ ಇಲ್ಲದ ಲಾಗಿನಿಂದ ಏನಾಯಿತೆಂದು ತಿಳಿಯುತ್ತದೆ, ಯಾವಾಗ ಆಯಿತೆಂದು ತಿಳಿಯುವುದಿಲ್ಲ. ಮೋರ್‌ಯುಟಿಲ್ಸ್ ಪ್ಯಾಕೇಜಿನ ‘ಟಿಎಸ್’ ಪ್ರತಿ ಸಾಲಿನ ಮುಂದೆ ವೇಳೆ ಹಚ್ಚುತ್ತದೆ, ಟೀಯ ಮುಂಚೆ ಇಡಿ:

ಪ್ರೋಗ್ರಾಂ 2>&1 | ಟಿಎಸ್ '%ಎಫ್ %ಟಿ' | ಟೀ -ಎ ರನ್.ಲಾಗ್

ಎಫ್, ಟಿ ದೊಡ್ಡಕ್ಷರ. ಗಂಟು ಬಿಡಿಸದಿದ್ದರೆ ಟಿಎಸ್ ಹಚ್ಚುವುದು ಸಾಲು ಹುಟ್ಟಿದ ವೇಳೆಯಲ್ಲ, ಗಂಟು ಬಿಚ್ಚಿದ ವೇಳೆ. ಬಾಡಿಗೆಯ ಕ್ಲೌಡ್ ಸರ್ವರ್ ಹೆಚ್ಚಾಗಿ ನಮಗಿಂತ ಐದೂವರೆ ತಾಸು ಹಿಂದಿರುವ ಯುಟಿಸಿಯಲ್ಲಿರುತ್ತದೆ. ಲಾಗಿನಲ್ಲಿ 18:40 ಎಂದಿದ್ದರೆ ನಮ್ಮ ಗಡಿಯಾರದಲ್ಲಿ ಅದು ರಾತ್ರಿ 12:10, ದಿನಾಂಕವೂ ಮರುದಿನದ್ದು.

ಸ್ಕ್ರಿಪ್ಟ್ ಕಮಾಂಡ್ ಔಟ್‌ಪುಟ್ ಮಾತ್ರ ಬರೆಯುವುದರಿಂದ ಪರದೆಯ ಮೇಲೆ ಕಾಣದ ಪಾಸ್‌ವರ್ಡ್ ಫೈಲಿಗೆ ಬರುವುದಿಲ್ಲ. ಹೊಸ ಆವೃತ್ತಿಯ ‘--ಲಾಗ್-ಇನ್’ ಅಥವಾ ‘--ಲಾಗ್-ಐಒ’ ಬಳಸಿದರೆ ಒತ್ತಿದ ಪ್ರತಿ ಕೀಲಿಯೂ, ಪಾಸ್‌ವರ್ಡ್ ಸೇರಿ, ದಾಖಲಾಗುತ್ತದೆ. ಹಲವರು ಲಾಗಿನ್ ಆಗುವ ಲ್ಯಾಬ್ ಸರ್ವರ್‌ನಲ್ಲಿ ಲಾಗ್ ಶುರು ಮಾಡುವ ಮುನ್ನ ‘ಯುಮಾಸ್ಕ್ 077’ ಹೊಡೆಯಿರಿ, ಹೊಸ ಫೈಲನ್ನು ಬೇರೆ ಬಳಕೆದಾರರು ಓದಲಾಗದು.

ಗಾತ್ರದ ಲೆಕ್ಕವನ್ನೂ ಮೊದಲೇ ಹಾಕಿ. ಸೆಕೆಂಡಿಗೆ 100 ಸಾಲು, ಸಾಲಿಗೆ 80 ಬೈಟ್ ಎಂದರೆ ತಾಸಿಗೆ 28.8 ಎಂಬಿ, ದಿನಕ್ಕೆ 691 ಎಂಬಿ. ಸಾಲು ಕನ್ನಡದಲ್ಲಿದ್ದರೆ ಪ್ರತಿ ಅಕ್ಷರ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಮೂರು ಪಟ್ಟು ಲೆಕ್ಕ ಹಿಡಿಯಿರಿ. ಡಿಸ್ಕ್ ತುಂಬಿದರೆ ಟೀ ಒಂದು ಎರರ್ ಹೇಳಿ ಫೈಲ್ ಬರೆಯುವುದನ್ನು ಬಿಟ್ಟು ಪರದೆಗೆ ಮಾತ್ರ ಕಳಿಸುತ್ತ ಹೋಗುತ್ತದೆ. ಆ ಒಂದು ಸಾಲು ಸರಿದು ಹೋದರೆ ಲಾಗ್ ನಿಂತದ್ದು ಗಮನಕ್ಕೇ ಬರುವುದಿಲ್ಲ. ದಿನಗಟ್ಟಲೆ ನಡೆಯುವುದಕ್ಕೆ, ಬೆಳೆದ ಲಾಗನ್ನು ಆಗಾಗ ಬೇರ್ಪಡಿಸಿಡುವ ಲಾಗ್‌ರೊಟೇಟ್ ಹಚ್ಚುವುದಾದರೆ ‘ಕಾಪಿಟ್ರಂಕೇಟ್’ (ಫೈಲಿನ ಪ್ರತಿ ತೆಗೆದಿಟ್ಟು ಮೂಲವನ್ನು ಖಾಲಿ ಮಾಡುವ ಕ್ರಮ) ಆರಿಸಿ, ಟೀಗೆ -ಎ ಇರಲೇಬೇಕು. -ಎ ಇಲ್ಲದ ಟೀ, ಫೈಲ್ ಖಾಲಿ ಮಾಡಿದ ಮೇಲೂ ಹಳೆಯ ಜಾಗದಿಂದಲೇ ಬರೆಯುವುದನ್ನು ಮುಂದುವರಿಸುತ್ತದೆ, ಫೈಲಿನ ಮುಂಭಾಗವೆಲ್ಲ ಶೂನ್ಯ ಬೈಟುಗಳಿಂದ ತುಂಬಿ ಗ್ರೆಪ್ ಅದನ್ನು ಬೈನರಿ ಎಂದು ತಿಳಿಯುತ್ತದೆ.